ಕಲ್ಯಾಣದುರ್ಗದ ಹಸಿರು ಚುಕ್ಕೆ

ಹಿಂದೂಪುರದ ನನ್ನ ಮುದ್ರಣಾಲಯದಲ್ಲಿ ದಿನ ಶುರುವಾಗುವ ಕ್ರಮ ಬದಲಾಗಿಲ್ಲ. ಸ್ನಾನ, ದೀಪ, ಆಮೇಲೆ ಕಂಪ್ಯೂಟರ್. ಪರದೆ ತೆರೆದರೆ ನಮ್ಮ ಸರ್ವರ್‌ಗೆ ಯಾರು ಬಂದಿದ್ದಾರೆಂದು ಕಾಣುತ್ತದೆ. ಬಂದವರ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ. ನಾನು ಬಂದ ಸ್ವಲ್ಪ ಹೊತ್ತಿಗೆ ಕಲ್ಯಾಣದುರ್ಗದ ಗೆಳೆಯನ ಚುಕ್ಕೆಯೂ ಬರುತ್ತಿತ್ತು. ಗಡಿಯ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಅವನು ಅಲ್ಲಿ ಟೈಪು ಮಾಡಿ ಸರ್ವರ್‌ಗೆ ಹಾಕುತ್ತಿದ್ದ. ನಾನು ಇಲ್ಲಿ ಇಳಿಸಿಕೊಂಡು ಅಚ್ಚು ಹಾಕುತ್ತಿದ್ದೆ.

ದಸರೆ ಕಳೆದ ಮೇಲೆ ಅವನು ತೀರಿಕೊಂಡ. ಮಣ್ಣು ಮಾಡಿ ಬಂದೆ. ತಿಥಿ ಮುಗಿದ ಕೆಲವು ದಿನಕ್ಕೆ ಅವನ ಚುಕ್ಕೆ ಮತ್ತೆ ಹೊತ್ತಿಕೊಂಡಿತು. ಅದೇ ಹೊತ್ತಿಗೆ. ತುಸು ಹೊತ್ತು ಇದ್ದು ಆರಿತು. ಯಾವ ಫೈಲೂ ಬರಲಿಲ್ಲ, ಯಾವುದೂ ಹೋಗಲಿಲ್ಲ. ಮರುದಿನವೂ ಹಾಗೆಯೇ.

ಬೇರೆಯವರದಾಗಿದ್ದರೆ ಯಾರೋ ಪಾಸ್‌ವರ್ಡ್ ಊಹಿಸಿದ್ದಾರೆ ಎಂದುಕೊಳ್ಳುತ್ತಿದ್ದೆ. ಅವನದನ್ನು ಊಹಿಸಲಾಗದು. ಸರ್ವರ್ ನೋಡಿಕೊಳ್ಳುವವನು, ಪಾಸ್‌ವರ್ಡಿನ ನಿಯಮ ಮಾಡಿದವನು ನಾನೇ. ಹೆಂಡತಿ ಮಕ್ಕಳ ಹೆಸರು, ಮನೆದೇವರು, ಗಾಡಿ ನಂಬರು ಕೂಡದು. ಕಣ್ಣು ಮುಚ್ಚಿ ನಿಘಂಟು ತೆರೆದು, ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಆರಿಸಿ, ಕನ್ನಡಕ್ಕೆ ತೆಲುಗು ಬೆರೆಸಿ, ನಡುನಡುವೆ ಅಂಕಿ, ಚಿಹ್ನೆ ಹಾಕಬೇಕು. ಬರೆದಿಡಬಾರದು, ಯಾರಿಗೂ ಹೇಳಬಾರದು.

"ನಿನ್ ಪಾಸ್‌ವರ್ಡ್ ಒತ್ತಿ ಮುಗ್ಸೋ ಹೊತ್ಗೆ ಹುಡುಗ್ರು ಪರೀಕ್ಷೆ ಬರ್ದು ಪಾಸಾಗ್ಬುಟ್ಟಿರ್ತಾರೆ ಕಣ್ಲಾ" ಎಂದು ಅವನು ಹಂಗಿಸುತ್ತಿದ್ದ. ಆದರೂ ಒಪ್ಪಿದ್ದ. ಹಾಗಾದರೆ ಅದನ್ನು ಒತ್ತಬಲ್ಲವನು ಅವನೊಬ್ಬನೇ. ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ನೆನೆದಷ್ಟೂ ನನ್ನ ಮೈ ತಣ್ಣಗಾಗುತ್ತಿತ್ತು.

ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಅವನ ಖಾತೆಯಿಂದ ಎಲ್ಲ ತರಗತಿಗಳ ಪತ್ರಿಕೆಗಳೂ ತೆರೆಯುತ್ತವೆ. ಒಂದು ಹೊರಬಿದ್ದರೂ ಮಕ್ಕಳು ಮತ್ತೆ ಬರೆಯಬೇಕು. ಪಾಸ್‌ವರ್ಡ್ ಬದಲಾಯಿಸಲು ಕೂತೆ, ಕೈ ಬರಲಿಲ್ಲ. ಮೊದಲು ನೋಡಿಬರೋಣವೆಂದು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಂಪ್ಯೂಟರಿಗೆ ಅಂದಿನ ಕುಂಕುಮ, ಎದುರಿಗೆ ಊದುಬತ್ತಿಯ ಬೂದಿ. ಅವನ ಹೆಂಡತಿ ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೆ ಸಂಕೋಚವಿಲ್ಲದೆ ಹೇಳಿದರು. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಪೂಜೆ ಮಾಡಿ, ಮೆಷಿನ್ನಿನ ಸ್ವಿಚ್ಚು ಹಾಕುತ್ತಾರೆ. ಬತ್ತಿ ಮುಗಿದ ಮೇಲೆ ಆರಿಸುತ್ತಾರೆ. ಗೆಳೆಯ ಪಾಸ್‌ವರ್ಡನ್ನು ಮೆಷಿನ್ನಿನಲ್ಲೇ ಉಳಿಸಿಟ್ಟಿದ್ದ, ನನ್ನ ನಿಯಮ ಮೀರಿ.

"ಅದ್ರ ಪಾಡಿಗೆ ಅದೇ ಒಳೀಕ್ ಹೋಯ್ತದೆ ಕಣಣ್ಣ. ನಾನೇನೂ ಮುಟ್ಟಲ್ಲ." ಮಜ್ಜಿಗೆಯ ಲೋಟ ತೆಗೆದುಕೊಳ್ಳುತ್ತ ಕೇಳಿದರು: "ಆ ಕಡೆ ನಿಮ್ಗೆ ಕಾಣ್ತದಂತಲ್ಲ, ಇವ್ರು ಬಂದವ್ರೆ ಅಂತ?"

ಕಾಣುತ್ತದೆ ಎಂದೆ.

"ಅದ್ಕೇ ಹಾಕ್ತೀನಿ. ಒಬ್ರಿಗಾದ್ರೂ ಬಂದವ್ರೆ ಅನ್ನಿಸ್ಲಿ ಅಂತ."

ಪ್ರಶ್ನೆಪತ್ರಿಕೆಗಳ ವಿಷಯ ಹೇಳಿದೆ. ಅವರು ವಾದಿಸಲಿಲ್ಲ. ಮಕ್ಕಳ ಕೆಲಸ, ಬದಲಾಯಿಸಿ ಎಂದರು. ಅವನ ಕುರ್ಚಿಯಲ್ಲಿ ಕೂತು ಅವನದೇ ನಿಘಂಟು ತೆರೆದೆ. ಬಂದ ಪದ 'ಕೆಮ್ಮು'. ಅವನನ್ನು ಕೊಂಡೊಯ್ದದ್ದೇ ಅದು. ಮತ್ತೆ ತೆರೆದೆ, 'ಸುಣ್ಣ'. ಎಲೆಅಡಿಕೆಯ ಆ ಸುಣ್ಣ ಅವನ ಬೆರಳ ತುದಿಯಲ್ಲಿ ಸದಾ ಇರುತ್ತಿತ್ತು. ಸಂಬಂಧವಿಲ್ಲದ ಪದ ಆ ಕೋಣೆಯಲ್ಲಿ ಸಿಗಲಿಲ್ಲ. ಹಿಂದೂಪುರಕ್ಕೆ ಮರಳಿ ಬದಲಾಯಿಸಿದೆ.

ಮರುದಿನ ಬೆಳಿಗ್ಗೆ ಚುಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ಫೋನು ಬಂತು.

"ಪಾಸ್‌ವರ್ಡ್ ಕೇಳ್ತಾ ನಿಂತೈತೆ ಕಣಣ್ಣ. ಏನ್ ಮಾಡ್ಲಿ?"

ಅದು ಈಗ ಗೊತ್ತಿರುವುದು ನನಗೊಬ್ಬನಿಗೇ. ಬತ್ತಿ ಉರಿದು ಮುಗಿಯುವವರೆಗೆ ಹಾಗೇ ಬಿಡಮ್ಮ ಎಂದೆ.

ಅವರು ಈಗಲೂ ದಿನಾ ಸ್ವಿಚ್ಚು ಹಾಕುತ್ತಾರೆ. ನನ್ನ ಪರದೆಯಲ್ಲಿ ಅವನ ಹೆಸರು ಬೂದುಬಣ್ಣದಲ್ಲೇ ಇರುತ್ತದೆ. ಆ ಹೊತ್ತಿಗೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ. ಬಾಗಿಲಾಚೆ ಅವನು ಬಂದು ನಿಂತಿದ್ದಾನೆ, ತೆರೆಯಬಲ್ಲವನು ನಾನೊಬ್ಬನೇ.