ಆಯುಧಪೂಜೆಗೆ ಆರಿಸಿದ ಸರ್ವರ್

ಲವೀನಾಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಣಿಪಾಲದ ಆ ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಅಲ್ಲಿ ನಡೆಯುವುದನ್ನು ದಿನವೂ ನೋಡುತ್ತ ಕೋಪ ಬರದಿದ್ದರೆ ಮೂಗಿದ್ದೂ ಪ್ರಯೋಜನವಿಲ್ಲ.

ಅವಳು ಶಂಕರಪುರದ ಜೆರ್ಟ್ರೂಡ್ ಬಾಯಿಯ ಮಗಳು. ತಾಯಿ ಮಲ್ಲಿಗೆ ಕಟ್ಟುತ್ತಾಳೆ, ಮಗಳು ಲ್ಯಾಬಿನ ಸರ್ವರ್ ಕಾಯುತ್ತಾಳೆ. ಉಡುಪಿ, ಕಾಪು, ಕಾರ್ಕಳದ ಕೇಂದ್ರಗಳಿಂದ ಬರುವ ರೋಗಿಗಳ ಪರೀಕ್ಷೆಗಳ ಫಲಿತಾಂಶವೆಲ್ಲ ಆ ಒಂದೇ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಒಂದೇ ಆದರೂ ಒಳಗೆ ಕೇಂದ್ರಕ್ಕೊಂದರಂತೆ ಬೇರೆ ಬೇರೆ ಕಂಪ್ಯೂಟರ್ ಇದ್ದಂತೆ ನಡೆಯುತ್ತದೆ. ಒಂದೇ ಸೂರಿನಡಿ ಮೂರು ಒಲೆ ಉರಿದಂತೆ. ಮೂರರಲ್ಲೂ ಅನ್ನ ಬೇಯಿಸುವ ಕೆಲಸ ಲವೀನಾಳದು, ಉಪ್ಪು ಕಡಿಮೆಯಾದರೆ ಬೈಗುಳವೂ ಅವಳಿಗೇ.

ಆಯುಧಪೂಜೆಯ ದಿನ ಬೆಳಿಗ್ಗೆ ಸರ್ವರಿನ ಅಪ್‌ಡೇಟ್ ನಡೆಯುತ್ತಿತ್ತು. ಅಮ್ಮ ಕಟ್ಟಿದ ನಾಲ್ಕು ಚೆಂಡಿನ ಒಂದು ಅಟ್ಟೆ ಮಲ್ಲಿಗೆಯನ್ನು ಲವೀನಾಳೇ ಪೂಜೆಗೆಂದು ತಂದು ಮೇಜಿನ ಮೇಲಿಟ್ಟಿದ್ದಳು. "ಅಪ್‌ಡೇಟ್ ಆಗ್ತಾ ಉಂಟು ಸರ್. ಮುಗಿಯುವವರೆಗೆ ಸ್ವಿಚ್ ಮುಟ್ಟಬೇಡಿ" ಎಂದು ಮ್ಯಾನೇಜರ್ ಪರಮಾನಂದರಿಗೆ ಹೇಳಿ ಚಹಾ ಕುಡಿಯಲು ಹೋದಳು. ಬಂದು ನೋಡಿದರೆ ಸರ್ವರಿಗೆ ಕುಂಕುಮ, ಮೇಲೆ ಹೂವು, ಒಳಗೆ ಉಸಿರಿಲ್ಲ.

"ಓಡುವ ಯಂತ್ರಕ್ಕೆ ಪೂಜೆ ಮಾಡುವುದುಂಟಾ?" ಎಂದರು ಪರಮಾನಂದ. "ವರ್ಷಕ್ಕೊಂದು ದಿನ ಅದಕ್ಕೂ ವಿಶ್ರಾಂತಿ ಬೇಡ್ವಾ?"

ಆರತಿ ಮುಗಿದು ಸ್ವಿಚ್ ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯಿತು, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಮಿನುಗುತ್ತಿತ್ತು. ಯಂತ್ರ ಎದ್ದೊಡನೆ ಮೊದಲು ಹುಡುಕುವುದು ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಮನ್ನು. ಮುಂದೆ ಎಲ್ಲಿಗೆ ಹೋಗಬೇಕು ಎಂದು ತೋರಿಸುವುದು ಅದೇ. ಅಪ್‌ಡೇಟ್ ಅದನ್ನು ಅಳಿಸಿ ಹೊಸದು ಬರೆಯುವ ಹೊತ್ತಿಗೆ ಸರಿಯಾಗಿ ಪರಮಾನಂದರ ಭಕ್ತಿ ಉಕ್ಕಿತ್ತು.

ಸರ್ವಿಸ್ ಕಂಪೆನಿಯವನು ಫೋನಿನಲ್ಲೇ ತೀರ್ಪು ಕೊಟ್ಟ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಕಳೆದ ಶನಿವಾರದ ನಕಲು ಇದೆಯಲ್ಲ, ಸಾಕು. ಶನಿವಾರದಿಂದೀಚೆಗೆ ಬಂದವರ ಗತಿ ಏನು ಎಂದು ಅವನು ಕೇಳಲಿಲ್ಲ. ಲವೀನಾ ಕೇಳಿದಳು. ಕಾರ್ಕಳದಲ್ಲಿ ಕಟ್ಟಡದ ಕೆಲಸ ಮಾಡುವ ಗದಗದ ಕಡೆಯ ರತ್ನವ್ವನ ಮಗಳು ನಾಗವೇಣಿ, ಒಂದನೇ ಕ್ಲಾಸಿನ ಮಗು. ಅದರ ಸೊಂಟದ ಎಲುಬಿಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ತೆಗೆದದ್ದು ಆ ವಾರವೇ. ಮಜ್ಜೆ ಪರೀಕ್ಷೆಯಲ್ಲಿ ಮುಗಿದುಹೋಗಿತ್ತು, ಫಲಿತಾಂಶ ಇದ್ದದ್ದು ಸರ್ವರಿನಲ್ಲಿ ಮಾತ್ರ.

ಪರಮಾನಂದ ಅವಳೆದುರೇ ಕಾರ್ಕಳಕ್ಕೆ ಫೋನ್ ಮಾಡಿದರು. "ಆ ಹೆಂಗಸಿಗೆ ಹೇಳಿ, ಚುಚ್ಚುವಾಗ ಮಗು ಅಲುಗಾಡಿದ ಕಾರಣ ಸ್ಯಾಂಪಲ್ ಹಾಳಾಗಿದೆ, ನಾಳೆ ಪುನಃ ತೆಗೆಯಬೇಕು ಅಂತ."

ಲವೀನಾಳಿಗೆ ಮೈಯೆಲ್ಲ ಉರಿಯಿತು. ಸ್ವಿಚ್ ಆರಿಸಿದವರು ಇಲ್ಲಿ ಪ್ರಸಾದ ತಿನ್ನುತ್ತಿದ್ದಾರೆ, ತಪ್ಪು ಕಾರ್ಕಳದ ಮಗುವಿನದು.

"ಬಾಗಿಲ ಬೀಗ ಕೆಟ್ಟರೆ ಯಾರಾದರೂ ಮನೆ ಕೆಡವುತ್ತಾರಾ ಸರ್? ಒಳಗೆ ಎಲ್ಲ ಸರಿ ಉಂಟು. ನಾನು ತೆರೆದು ಕೊಡ್ತೇನೆ."

"ಪೂಜೆಯ ಮೇಲೆ ತಪ್ಪು ಹಾಕಬೇಡಿ ಲವೀನಾ."

"ಪೂಜೆಗೆ ಹೂ ತಂದವಳೇ ನಾನು. ನಾನು ಹೇಳುವುದು ಸ್ವಿಚ್ಚಿನ ವಿಷಯ."

ಅವಳು ಪೆನ್‌ಡ್ರೈವ್ ಸಿಕ್ಕಿಸಿ ಅದರಿಂದ ಯಂತ್ರವನ್ನು ಎಬ್ಬಿಸಿದಳು. ಒಳಗೆ ಉಡುಪಿ ಇತ್ತು, ಕಾಪು ಇತ್ತು, ಕಾರ್ಕಳವೂ ಕೆಡದೆ ಇತ್ತು. ಬೂಟ್‌ಲೋಡರನ್ನು ಹೊಸದಾಗಿ ಬರೆದು, ಪೆನ್‌ಡ್ರೈವ್ ಕಿತ್ತು, ಯಂತ್ರ ಆರಿಸಿ ಹಾಕಿದಳು. ಮತ್ತೆ ಅದೇ ಕಪ್ಪು ಪರದೆ.

"ನಾನು ಮೊದಲೇ ಹೇಳಿದ್ನಲ್ಲ" ಎಂದ ಫೋನಿನಲ್ಲಿದ್ದ ಕಂಪೆನಿಯವನು.

"ಸಾಕು, ಅಳಿಸಿಬಿಡಿ" ಎಂದರು ಪರಮಾನಂದ.

ಲವೀನಾ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. ಕೋಪದಲ್ಲಿ ಕೈ ನಡುಗುವವರುಂಟು. ಅವಳಿಗೆ ಕೋಪ ಬಂದಷ್ಟೂ ತಲೆ ತಣ್ಣಗಾಗುತ್ತದೆ. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್‌ಗಳಿದ್ದವು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ತಾನು ಬರೆದದ್ದು ಒಂದರ ಮೇಲೆ, ಯಂತ್ರ ಹುಡುಕುತ್ತಿದ್ದದ್ದು ಇನ್ನೊಂದರಲ್ಲಿ ಎಂಬುದು ಆಗ ಹೊಳೆಯಿತು. ತನ್ನನ್ನೇ ಬೈದುಕೊಂಡು ಅದರ ಮೇಲೂ ಬರೆದಳು. ಈ ಸಲ ಪರದೆಯ ಮೇಲೆ ಸಾಲುಗಳು ಓಡಿದವು, ಕೇಂದ್ರಗಳು ಒಂದೊಂದಾಗಿ ಎದ್ದವು. ನಾಗವೇಣಿಯ ಫಲಿತಾಂಶ ಇದ್ದಲ್ಲೇ ಇತ್ತು.

"ದೇವರು ದೊಡ್ಡವನು" ಎಂದರು ಪರಮಾನಂದ. "ಇನ್ನು ಆ ಹೆಂಗಸಿಗೆ ಜಾಸ್ತಿ ಎಂತದೂ ಹೇಳುವುದು ಬೇಡ. ನಾಳೆ ಬರಬೇಡಿ ಅಂದರೆ ಆಯ್ತು."

ಲವೀನಾ ಅವರೆದುರೇ ರತ್ನವ್ವನಿಗೆ ಫೋನ್ ಹಚ್ಚಿದಳು. ರಿಪೋರ್ಟ್ ಸಿಕ್ಕಿದೆ, ಡಾಕ್ಟರಿಗೆ ಕಳಿಸುತ್ತಿದ್ದೇವೆ, ಪುನಃ ಚುಚ್ಚುವುದಿಲ್ಲ, ಸ್ಯಾಂಪಲ್ ಹಾಳಾಗಿರಲೇ ಇಲ್ಲ ಎಂದಳು.

"ಅಕಿ ಅಳ್ಳಾಡಿದ್ದಕ್ಕ ಕೆಟ್ಟೈತಿ ಅಂದ್ರಲ್ರಿ ಅಕ್ಕಾರ" ಎಂದಳು ರತ್ನವ್ವ. "ನಾ ಅಕೀಗೆ ಬಡದಬಿಟ್ಟೇನ್ರಿ. ಅಳ್ಳಾಡಿಲ್ಲಬೇ ಅಂತ ಅಳಾಕತ್ತಿದ್ಲು, ನಾ ಕೇಳಲಿಲ್ರಿ."

"ಮಗುವಿನ ಕೈಗೆ ಫೋನ್ ಕೊಡಿ, ನಮ್ಮ ಸಾಹೇಬರು ಮಾತಾಡ್ತಾರೆ" ಎಂದು ಹೇಳಿ, ಲವೀನಾ ತನ್ನ ಫೋನನ್ನು ಪರಮಾನಂದರ ಮುಂದೆ ಹಿಡಿದಳು.

"ನಾನೆಂತ ಹೇಳುವುದು?"

"ಸ್ವಿಚ್ ಆರಿಸಿದ್ದು ಯಾರು ಅಂತ ಹೇಳಿ ಸರ್."

ಅವರು ಫೋನ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಣ್ಣ ಧ್ವನಿ ಕೇಳಿಸಿತು.

"ನಾ ಅಳ್ಳಾಡಿಲ್ರಿ ಸಾಹೇಬ್ರ."