ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಬಾಬಣ್ಣ

ನನಗೊಂದು ಕೆಟ್ಟ ಚಟವಿತ್ತು. ಸಿಗರೇಟಲ್ಲ, ಇಸ್ಪೀಟೂ ಅಲ್ಲ. ಅವಕ್ಕಾದರೆ ಜತೆಗೆ ನಾಲ್ಕು ಜನ ಸಿಗುತ್ತಾರೆ. ನನ್ನದು ಒಂಟಿ ಚಟ. ಬೆಳಿಗ್ಗೆ ಆಫೀಸಿಗೆ ಬಂದು, ಚಹಾದ ಲೋಟವನ್ನು ಪಕ್ಕಕ್ಕಿಟ್ಟುಕೊಂಡು, ಅಮೆರಿಕದ ಒಂದು ಕೌಂಟಿಯಲ್ಲಿ ಹಿಂದಿನ ದಿನ ಯಾರ್ಯಾರು ಜೈಲಿಗೆ ಬಿದ್ದರು ಎಂದು ಓದುವುದು. ಕೌಂಟಿ ಎಂದರೆ ನಮ್ಮ ತಾಲೂಕೋ ಜಿಲ್ಲೆಯೋ ಇದ್ದ ಹಾಗೆ. ಆ ಊರನ್ನು ನಾನು ಕಂಡವನಲ್ಲ, ಕಾಣುವ ಯೋಗವೂ ಇಲ್ಲ.

ಚಟ ಹತ್ತಿದ್ದು ಕೆಲಸದಿಂದಲೇ. ಕುವೈತಿನ ರಾಯ್‌ನಲ್ಲಿ ಏರ್‌ಕಂಡೀಷನರಿನ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ನಾನು ಖರೀದಿ ನೋಡಿಕೊಳ್ಳುವವನು. ಒಂದು ಸಲ ಅಮೆರಿಕದ ಕಂಪ್ರೆಸರ್ ವ್ಯಾಪಾರಿಯೊಬ್ಬ ಎರಡು ವಾರ ಈಮೇಲಿಗೆ ಉತ್ತರ ಕೊಡಲಿಲ್ಲ. ಅವನ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮನುಷ್ಯ ಕುಡಿದು ಕಾರು ಓಡಿಸಿ ಒಳಗಿದ್ದ. ಕೌಂಟಿಯವರು ಫೋಟೋ ಹಾಕಿದ್ದರು, ಎತ್ತರ ಹಾಕಿದ್ದರು, ತೂಕ ಹಾಕಿದ್ದರು, ಕಣ್ಣಿನ ಬಣ್ಣ ಸಹ ಬರೆದಿದ್ದರು. ಅವನ ಹೆಂಡತಿಗೆ ಗೊತ್ತಾಗುವ ಮೊದಲೇ ರಾಯ್‌ನಲ್ಲಿ ಕೂತ ನನಗೆ ಗೊತ್ತಾಗಿರಬೇಕು.

ಅಲ್ಲಿಂದ ಶುರು. ಹೆಸರಿನಲ್ಲಿ ಹುಡುಕುವುದು ಹೇಗೆ, ತಾರೀಕಿನಲ್ಲಿ ಹೇಗೆ, ಬಿಡುಗಡೆಯಾದವರನ್ನು ಬೇರೆ ಮಾಡಿ ನೋಡುವುದು ಹೇಗೆ, ಎಲ್ಲ ಕಲಿತೆ. ಸಂಸಾರಸ್ಥನಾದವನು ಇದನ್ನೆಲ್ಲ ಯಾಕೆ ಓದಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹಿಂದಿನ ಕಾಲದಲ್ಲಿ ಕದ್ದು ಸಿಕ್ಕಿಬಿದ್ದವನಿಗೆ ಮಸಿ ಬಳಿದು, ಕತ್ತೆಯ ಮೇಲೆ ಕೂರಿಸಿ, ಡಂಗುರ ಹೊಡೆಸುತ್ತಿದ್ದರಂತೆ. ಆಗ ಬೀದಿಯ ಎರಡೂ ಬದಿಗೆ ನಿಂತು ನೋಡಿದವರಿಗೂ ಅವರವರ ಕೆಲಸ ಇತ್ತಲ್ಲ. ನಾನು ಅವರ ವಂಶದವನು. ನೋಡುವಾಗ ನನಗೆ ಬರುತ್ತಿದ್ದ ಯೋಚನೆಯೂ ದೊಡ್ಡದೇನಲ್ಲ: ನನ್ನನ್ನು ಹಿಡಿದರೆ ತೂಕ ಎಷ್ಟೆಂದು ಬರೆಯುತ್ತಾರೆ, ಶೂ ಬಿಚ್ಚಿಸಿ ತೂಗುತ್ತಾರೋ ಇಲ್ಲವೋ ಎಂಬಷ್ಟೇ.

ಈ ವಿದ್ಯೆ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ತಿಳಿದಿದ್ದೆ. ಬರಲಿಲ್ಲ. ಅದನ್ನೇ ಹೇಳಹೊರಟಿದ್ದೇನೆ.

ಮೈದಾನ್ ಹವಲ್ಲಿಯಲ್ಲಿ ನಮ್ಮ ಮನೆ ಮೂರನೇ ಮಾಳಿಗೆಯಲ್ಲಿ. ಕೆಳಗೆ ಮೊದಲ ಮಾಳಿಗೆಯಲ್ಲಿ ನಮ್ಮ ಕಡೆಯವರದ್ದೇ ಒಂದು ಬ್ಯಾಚುಲರ್ ಕೋಣೆ. ಬ್ಯಾಚುಲರ್ ಎಂದರೆ ಹೆಂಡತಿ ಊರಲ್ಲಿರುವವರು ಎಂದು ಕುವೈತಿನಲ್ಲಿ ಅರ್ಥ. ಆರು ಜನರಲ್ಲಿ ಹಿರಿಯರು ಬಾಬಣ್ಣ. ಕೇಟರಿಂಗ್ ಕಂಪೆನಿಯೊಂದರ ಅಡುಗೆಮನೆಯಲ್ಲಿ ಚಪಾತಿ ಮಾಡುವವರಾದ್ದರಿಂದ ಪೂರ್ತಿ ಹೆಸರು ಚಪಾತಿ ಬಾಬಣ್ಣ. ಅಥವಾ ಅದೇ ಪೂರ್ತಿ ಎಂದು ನಾವು ತಿಳಿದಿದ್ದೆವು. ಹನ್ನೊಂದು ವರ್ಷದ ಪರಿಚಯ. ನನ್ನ ಮಗಳು ನಡೆಯಲು ಕಲಿತದ್ದು ಅವರ ಬೆರಳು ಹಿಡಿದು.

ಒಂದು ಶುಕ್ರವಾರ ಸಂಜೆ ಅವರ ಕೋಣೆಯ ಹಮೀದ್ ಮೇಲೆ ಬಂದ. ಉಳ್ಳಾಲದವನು, ಬ್ನೇದ್ ಅಲ್ ಗಾರ್‌ನಲ್ಲಿ ಒಂದು ಮನೆಗೆ ಡ್ರೈವರ್. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಅಣ್ಣ, ಬಾಬಣ್ಣ ಬರ್ಲಿಲ್ಲ. ಬೆಳಿಗ್ಗೆ ರಾಯ್‌ನ ಶುಕ್ರವಾರದ ಸಂತೆಗೆ ಹೋದದ್ದು, ಹಳೇ ಮಿಕ್ಸಿ ಉಂಟಾ ನೋಡ್ಲಿಕ್ಕೆ. ಫೋನ್ ಸ್ವಿಚ್ ಆಫ್. ಅಲ್ಲಿ ಇವತ್ತು ಚೆಕ್ಕಿಂಗ್ ಇತ್ತಂತೆ."

"ಐಡಿ ಇರ್ಲಿಲ್ವಾ?"

"ಫೋನಲ್ಲಿ ಉಂಟಲ್ಲ. ಫೋನೇ ಸತ್ರೆ ಎಂತ ಮಾಡುದು? ಕಾರ್ಡು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದಾರೆ, ಕಳೆದುಹೋಗ್ತದೆ ಅಂತ. ಕೀ ಅವರ ಉಡಿದಾರದಲ್ಲಿ."

ಬಾಬಣ್ಣ ಅಷ್ಟು ಜಾಗ್ರತೆಯ ಮನುಷ್ಯ. ಕಳೆದುಹೋಗಬಾರದೆಂದು ಕಾರ್ಡನ್ನು ಬೀಗ ಹಾಕಿಟ್ಟು ತಾವು ಕಳೆದುಹೋಗಿದ್ದರು. ಹಿಡಿದವರನ್ನು ಠಾಣೆಯಲ್ಲಿ ಕೂರಿಸುತ್ತಾರೆ. ಕಾರ್ಡು ತೋರಿಸುವವರು ಬಂದರೆ ಬಿಡುತ್ತಾರೆ, ಬರದಿದ್ದರೆ ಕಂಪೆನಿಗೆ ಫೋನು ಹೋಗುತ್ತದೆ. ಬಾಬಣ್ಣನ ಕಂಪೆನಿ ಆ ದಿನಗಳಲ್ಲಿ ಜನ ಕಡಿಮೆ ಮಾಡಲು ನೆಪ ಹುಡುಕುತ್ತಿತ್ತು. ಇಂಥವನು ನಮಗೆ ಬೇಡ ಎಂದು ಒಂದು ಮಾತು ಹೇಳಿದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಖಲಾಸ್; ಮನುಷ್ಯ ಉಟ್ಟ ಬಟ್ಟೆಯಲ್ಲಿ ವಿಮಾನ ಹತ್ತಬೇಕು. ಅವರ ಮಗಳ ನರ್ಸಿಂಗ್ ಮುಗಿಯಲು ಇನ್ನೂ ಒಂದು ವರ್ಷವಿತ್ತು.

"ಹೆದರ್ಬೇಡ. ಹತ್ತು ನಿಮಿಷದಲ್ಲಿ ಹುಡುಕಿಕೊಡ್ತೇನೆ" ಎಂದೆ. ಲ್ಯಾಪ್‌ಟಾಪು ತೆರೆದೆ. ಇಷ್ಟು ವರ್ಷ ಗುಟ್ಟಾಗಿ ಕಲಿತ ವಿದ್ಯೆಯನ್ನು ಹೆಂಡತಿ, ಮಗಳು, ಹಮೀದ್ ಮೂವರ ಮುಂದೆ ಪ್ರದರ್ಶಿಸುವ ಗಳಿಗೆ. ಕುವೈತ್, ಬಂಧನ, ಇವತ್ತು, ಬಾಬು ಎಂದು ಬರೆದು ಒತ್ತಿದೆ. ಒಬ್ಬ ವಕೀಲನ ಜಾಹೀರಾತು ಬಂತು. ಅದರ ಕೆಳಗೆ ಅಮೆರಿಕದ ಮೂರು ಕೌಂಟಿಗಳು ನನ್ನನ್ನು ಗುರುತು ಹಿಡಿದು ಎದ್ದು ಬಂದವು.

ಇಲ್ಲಿ ಹಾಗೆಲ್ಲ ಪಟ್ಟಿ ಇಲ್ಲ. ಇರುವುದು ನಂಬರು. ಸಿವಿಲ್ ಐಡಿ ಎಂಬ ಸರಕಾರಿ ಗುರುತಿನ ಕಾರ್ಡಿನ ಹನ್ನೆರಡು ಅಂಕೆ ಗೊತ್ತಿದ್ದರೆ ದಂಡ ಎಷ್ಟಿದೆ, ಪ್ರಯಾಣಕ್ಕೆ ತಡೆಯಿದೆಯೇ ಎಂದೆಲ್ಲ ನೋಡಬಹುದು. ಗೊತ್ತಿಲ್ಲದಿದ್ದರೆ ಆ ಮನುಷ್ಯ ಹುಟ್ಟೇ ಇಲ್ಲ. ಅಲ್ಲಿ ಗುರುತಿಲ್ಲದವನೂ ಕಣ್ಣಿನ ಬಣ್ಣ ನೋಡಬಹುದು, ಇಲ್ಲಿ ಗುರುತಿದ್ದವನಿಗೂ ಏನೂ ಕಾಣುವುದಿಲ್ಲ. ಯಾವುದು ಸರಿ ಎಂದು ತೀರ್ಮಾನ ಹೇಳುವಷ್ಟು ದೊಡ್ಡವನು ನಾನಲ್ಲ. ಒಳಗೆ ಕೂತಿರುವುದು ನಾವಾದರೆ ಇಲ್ಲಿಯ ಪದ್ಧತಿ ಮರ್ಯಾದೆಯದ್ದು, ನಮ್ಮವರಾದರೆ ಅಲ್ಲಿಯದ್ದು ಅನುಕೂಲದ್ದು ಎಂದಷ್ಟೇ ಅನಿಸುತ್ತದೆ.

ಆಗ ಆರನೇ ಕ್ಲಾಸಿನ ಮಗಳು ಫೋನಿನಿಂದ ತಲೆಯೆತ್ತಿ, "ಪಪ್ಪಾ, ವಾಟ್ ಈಸ್ ಹಿಸ್ ಫುಲ್ ನೇಮ್?" ಎಂದಳು.

ನಾನು ಹಮೀದನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನನ್ನ ಹೆಂಡತಿ ವಸಂತಿ ಒಲೆ ಆರಿಸಿ ಬಂದು ಇಬ್ಬರ ಮುಖವನ್ನೂ ನೋಡಿದಳು.

ನಮ್ಮ ತುಳುನಾಡಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ಬಾಬು, ಇಲ್ಲವಾದರೆ ಅಪ್ಪಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೇಳಿದಾಗ ಒಂದು ಹೆಸರು ಕೊಡುತ್ತಾರೆ, ಅದು ಶಾಲೆಯ ರಿಜಿಸ್ಟರಿನಲ್ಲಿ ಕೂತು, ಮುಂದೆ ಪಾಸ್‌ಪೋರ್ಟಿಗೆ ಹೋಗಿ ಅಲ್ಲೇ ಉಳಿದುಬಿಡುತ್ತದೆ. ಮನುಷ್ಯ ಮಾತ್ರ ಬಾಬು ಆಗಿಯೇ ಮುದುಕನಾಗುತ್ತಾನೆ. ಗಲ್ಫಿಗೆ ಬಂದ ಮೇಲೆ ಹಿಂದೆ ಒಂದು ಕೆಲಸವೂ ಅಂಟಿಕೊಳ್ಳುತ್ತದೆ: ಲಾಂಡ್ರಿ ಬಾಬಣ್ಣ, ಸಲೂನ್ ಬಾಬಣ್ಣ, ಚಪಾತಿ ಬಾಬಣ್ಣ. ಹಿರಿಯರ ಹೆಸರು ಕೇಳುವುದು ನಮ್ಮಲ್ಲಿ ಮರ್ಯಾದೆಯೂ ಅಲ್ಲ. ಹನ್ನೊಂದು ವರ್ಷ ಜತೆಗೆ ಉಂಡು, ಅವರ ಗೊರಕೆಯ ರಾಗ ಸಹ ಗುರುತಿಸುವ ಹಮೀದನಿಗೆ ಅವರ ಹೆಸರು ಗೊತ್ತಿರಲಿಲ್ಲ. ಹೆಸರು ಖಂಡಿತ ಗೊತ್ತಿದ್ದದ್ದು ಕಂಪೆನಿಗೆ. ಅಲ್ಲಿ ಕೇಳುವಂತಿಲ್ಲ, ಕೇಳಿದರೆ ಸಿಕ್ಕಿಬಿದ್ದದ್ದನ್ನು ನಾವೇ ಹೋಗಿ ಹೇಳಿದ ಹಾಗೆ.

ಶನಿವಾರ ನಾನೂ ಹಮೀದನೂ ಠಾಣೆಗೆ ಹೋದೆವು. ಕೌಂಟರಿನಲ್ಲಿ ಹರೆಯದ ಪೊಲೀಸ್, ಒಳ್ಳೆಯ ಮನುಷ್ಯ. ಹೆಸರು ಕೇಳಿದ. ಬಾಬು ಎಂದೆವು.

"ಅಂದರ್ ಸಬ್ ಬಾಬು" ಎಂದ. ಒಳಗಿರುವವರೆಲ್ಲ ಬಾಬುಗಳೇ, ಭಾಯಿ, ನಂಬರು ತನ್ನಿ.

ಫೋಟೋ ತೋರಿಸುತ್ತೇವೆ ಎಂದು ಹಮೀದ್ ಫೋನು ತೆಗೆದ. ಸಮಾರಂಭಗಳ ಫೋಟೋಗಳಲ್ಲೆಲ್ಲ ಬಾಬಣ್ಣ ಬಡಿಸುವವರು, ಆದ್ದರಿಂದ ಎಲ್ಲದರಲ್ಲೂ ಬೆನ್ನು. ಮುಖ ಇದ್ದದ್ದು ಒಂದೇ ಒಂದರಲ್ಲಿ. ಅದು ಇಲ್ಲಿರುವ ನಮ್ಮ ಕಡೆಯವರ ಸಂಘದ ಹುಲಿವೇಷದ ದಿನದ್ದು. ಮೈತುಂಬ ಹಳದಿ ಬಣ್ಣ, ಕಪ್ಪು ಪಟ್ಟೆ, ಹಣೆಯವರೆಗೆ ಹುಲಿಯ ತಲೆ. ಪೊಲೀಸ್ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಇಂಥವರು ಯಾರೂ ಬಂದಿಲ್ಲ ಎಂದು ಗಂಭೀರವಾಗಿಯೇ ಹೇಳಿದ. ಅಮೆರಿಕದ ಕೌಂಟಿಯವರು ಎತ್ತರ, ತೂಕ, ಕಣ್ಣಿನ ಬಣ್ಣ ಯಾಕೆ ಬರೆಯುತ್ತಾರೆ ಎಂಬುದು ಆಗ ನನಗೆ ಸ್ವಲ್ಪ ಅರ್ಥವಾಯಿತು.

ಸಂಜೆ ಹಮೀದನ ಫೋನಿಗೆ ಊರಿಂದ ಬಾಬಣ್ಣನ ಹೆಂಡತಿಯ ಕರೆ ಬಂತು. ನಾನು ಪಕ್ಕದಲ್ಲೇ ಇದ್ದೆ. "ಇವರ ಫೋನ್ ಯಾಕೆ ಹೋಗುದಿಲ್ಲ?" ಎಂದು ಆಕೆ ಕೇಳಿದಳು. ರಿಪೇರಿಗೆ ಕೊಟ್ಟಿದ್ದಾರೆ ಅಕ್ಕ, ಅವರು ಡ್ಯೂಟಿಯಲ್ಲಿ ಇದ್ದಾರೆ ಎಂದ. ಹೆಸರು ಕೇಳು ಎಂದು ನಾನು ಕೈಸನ್ನೆ ಮಾಡಿದೆ. ಹಮೀದ್ ಬಾಯಿ ತೆರೆದು, ಮುಚ್ಚಿ, "ಅಲ್ಲಿ ಮಳೆ ಉಂಟಾ?" ಎಂದು ಕೇಳಿ ಫೋನಿಟ್ಟ.

"ಹೇಗೆ ಕೇಳುದು ಅಣ್ಣ? ಹನ್ನೊಂದು ವರ್ಷ ಒಟ್ಟಿಗಿದ್ದವ ಈಗ ನಿಮ್ಮ ಗಂಡನ ಹೆಸರೆಂತ ಅಂದ್ರೆ ಅವರ ಎದೆ ಒಡೆಯುದಿಲ್ವಾ?"

ಪೆಟ್ಟಿಗೆಯ ಬೀಗ ಒಡೆಯುವ ಮಾತು ಬಂತು. ಕೋಣೆಯಲ್ಲಿದ್ದ ಯಾರೂ ಅದಕ್ಕೆ ಕೈ ಹಾಕಲು ಒಪ್ಪಲಿಲ್ಲ. ಆರು ಜನರ ಕೋಣೆಯಲ್ಲಿ ಒಬ್ಬನಿಗೆ ಸ್ವಂತ ಎಂದು ಇರುವುದು ಒಂದು ಹಾಸಿಗೆ, ಒಂದು ಪೆಟ್ಟಿಗೆ. ಹಾಸಿಗೆಯಲ್ಲಾದರೆ ನೆಂಟರು ಬಂದಾಗ ಇನ್ನೊಬ್ಬ ಮಲಗುತ್ತಾನೆ. ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನನಗೆ ಸಿಟ್ಟು ಬಂತು, ಆದರೂ ಸುತ್ತಿಗೆ ತರಲು ನಾನೂ ಮೇಲೆ ಹೋಗಲಿಲ್ಲ.

ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ಬಾಬಣ್ಣನಿಗೆ ಜ್ವರ ಎಂದು ಹಮೀದ್ ಅವರ ಫೋರ್‌ಮನ್ನಿಗೆ ಹೇಳಿದ. ನಾಳೆ ಡಾಕ್ಟರ ಚೀಟಿ ಬೇಕು, ಇಲ್ಲದಿದ್ದರೆ ಮಂದೂಬನಿಗೆ ಹೇಳುತ್ತೇನೆ ಎಂದು ಉತ್ತರ ಬಂತು. ಮಂದೂಬ್ ಎಂದರೆ ಕಂಪೆನಿಯ ಪರವಾಗಿ ಸರಕಾರಿ ಕಚೇರಿಗಳಿಗೆ ಓಡಾಡುವವನು. ಅವನ ಫೈಲಿಗೆ ಒಬ್ಬನ ಹೆಸರು ಹೋಯಿತೆಂದರೆ ವಾಪಸು ತೆಗೆಯುವುದು ಕಷ್ಟ. ಉಳಿದದ್ದು ಒಂದು ದಿನ.

ನಾನು ಆಫೀಸಿಗೆ ರಜೆ ಹೇಳಿ ಮೆಟ್ಟಿಲಿಳಿಯುತ್ತಿದ್ದಾಗ ಕಟ್ಟಡದ ಹಾರಿಸ್ ಎದುರು ಸಿಕ್ಕಿದ. ಹಾರಿಸ್ ಎಂದರೆ ಕಾವಲುಗಾರ, ಗುಡಿಸುವವನು, ಬಾಡಿಗೆ ವಸೂಲಿ ಮಾಡುವವನು, ಎಲ್ಲ. ಈಜಿಪ್ಟಿನ ಈ ಮುದುಕನಿಗೂ ನಮಗೂ ನೀರಿನ ಪಂಪಿನ ವಿಷಯದಲ್ಲಿ ಸದಾ ಜಗಳ. ಮುಖ ಯಾಕೆ ಹೀಗಿದೆ ಎಂದು ಕೇಳಿದ. ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಹೇಳಿದೆ. ಅವನು ಬಕೆಟ್ಟು ಕೆಳಗಿಟ್ಟು ತನ್ನ ಕೋಣೆಗೆ ಹೋಗಿ, ಬಿಸ್ಕೆಟಿನ ಒಂದು ದೊಡ್ಡ ಡಬ್ಬಿ ತಂದ. ಅದರೊಳಗೆ ಇಡೀ ಕಟ್ಟಡದವರ ಸಿವಿಲ್ ಐಡಿಯ ನಕಲುಗಳಿದ್ದವು. ಎಂದೋ ಒಮ್ಮೆ ತನಿಖೆಗೆ ಬರುತ್ತಾರೆಂದು ಎಲ್ಲರಿಂದ ತೆಗೆದುಕೊಂಡದ್ದನ್ನು ಬಿಸಾಡದೆ, ಮಾಳಿಗೆವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ.

ಹಮೀದನನ್ನು ಕರೆದೆ. ಮೊದಲ ಮಾಳಿಗೆಯ ಕಟ್ಟಿನಲ್ಲಿ ನಾಲ್ಕನೆಯದು ಬಾಬಣ್ಣ. ಬಣ್ಣವಿಲ್ಲದ, ಪಟ್ಟೆಯಿಲ್ಲದ, ನಗದ ಬಾಬಣ್ಣ. ಕೆಳಗೆ ಹನ್ನೆರಡು ಅಂಕೆ, ಅದರ ಪಕ್ಕದಲ್ಲಿ ವಿಠಲ ಕೊರಗಪ್ಪ ಸಾಲ್ಯಾನ್.

"ವಿಠಲ" ಎಂದ ಹಮೀದ್, ಮೆಲ್ಲಗೆ. ಹೊಸಬರೊಬ್ಬರ ಪರಿಚಯವಾದವನ ಹಾಗೆ.

ನಮ್ಮ ಬಾಯಿಗೆ ಬರದ ನಮ್ಮವರ ಹೆಸರುಗಳನ್ನು ಹೀಗೆ ಜೋಪಾನ ಮಾಡಿದ ಮುದುಕನನ್ನು ನಾವೆಲ್ಲ ಅಬು ಸಾದ್ ಎಂದು ಕರೆಯುತ್ತೇವೆ. ಹಾಗೆಂದರೆ ಸಾದ್‌ನ ಅಪ್ಪ ಎಂದು. ಅವನ ಹೆಸರೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವನ ನಕಲು ಯಾರ ಡಬ್ಬಿಯಲ್ಲಿದೆಯೋ.

ಠಾಣೆಯಲ್ಲಿ ಅದೇ ಪೊಲೀಸ್. ನಂಬರು ಒತ್ತಿ, ಪರದೆ ನೋಡಿ, "ಮೌಜೂದ್" ಎಂದ. ಇದ್ದಾನೆ. ಎತ್ತರ ಹೇಳಲಿಲ್ಲ, ತೂಕ ಹೇಳಲಿಲ್ಲ. ಕೌಂಟಿಯ ಪಟ್ಟಿಗಳನ್ನು ವರ್ಷಗಟ್ಟಲೆ ಓದಿದ ನನಗೆ ಅಷ್ಟು ಚಿಕ್ಕ ದಾಖಲೆ ಓದಿ ಕಣ್ಣು ತುಂಬಿದ್ದು ಅದೇ ಮೊದಲು.

ಬಾಬಣ್ಣನನ್ನು ಕೌಂಟರಿನವರೆಗೆ ಕರೆದು ತಂದರು. ಮೂರು ದಿನದ ಬಿಳಿ ಗಡ್ಡ. ನನ್ನನ್ನು ಕಂಡು, "ಮಿಕ್ಸಿ ಒಳ್ಳೇದು ಸಿಕ್ಕಿತ್ತು ಮಾರಾಯ್ರೆ, ಅಷ್ಟರಲ್ಲಿ ಇದಾಯ್ತು" ಎಂದರು. ಅಂಗಿಯೆತ್ತಿ ಉಡಿದಾರದಿಂದ ಕೀ ಬಿಚ್ಚಿ ಕೊಟ್ಟರು. ನಾವು ಮನೆಗೆ ಬಂದು ಪೆಟ್ಟಿಗೆ ತೆರೆದೆವು. ಕಾರ್ಡು ಮೇಲೆಯೇ ಇತ್ತು, ಕರ್ಚೀಫಿನಲ್ಲಿ ಸುತ್ತಿ ಪ್ಲಾಸ್ಟಿಕ್ಕಿನೊಳಗೆ. ಪೆಟ್ಟಿಗೆಯಲ್ಲಿ ಮತ್ತೇನೇನಿತ್ತು ಎಂದು ಹೇಳುವುದಿಲ್ಲ. ಅದು ಪಬ್ಲಿಕ್ ರೆಕಾರ್ಡ್ ಅಲ್ಲ.

ಸಂಜೆಗೆ ಬಿಟ್ಟರು. ಮರುದಿನ ಡಾಕ್ಟರ ಚೀಟಿಯ ಬದಲು ಬಾಬಣ್ಣ ತಾವೇ ಹಾಜರಾಗಿ ಜ್ವರ ಬಿಟ್ಟಿತು ಎಂದರಂತೆ. ಮುಖ ನೋಡಿದ ಫೋರ್‌ಮನ್ ಜ್ವರವನ್ನು ನಂಬಿದ.

ಆ ವಾರ ಬ್ಯಾಚುಲರ್ ಕೋಣೆಯ ಫ್ರಿಜ್ಜಿನ ಬಾಗಿಲಿಗೆ ನಾನೊಂದು ಹಾಳೆ ಅಂಟಿಸಿದೆ. ಎಲ್ಲರ ಪಾಸ್‌ಪೋರ್ಟಿನ ಹೆಸರು, ಮುಂದೆ ಹನ್ನೆರಡು ಅಂಕೆ. ಕಣ್ಣಿನ ಬಣ್ಣ ಬಿಟ್ಟೆ. ಬಾಬಣ್ಣ ಚಪಾತಿ ಹಿಟ್ಟು ನಾದುತ್ತ ನೋಡುತ್ತಿದ್ದವರು ಕೇಳಿದರು: "ನೀವೂ ಬರೀರಿ. ನಿಮ್ಮ ಹೆಸರೆಂತ?"

ಹನ್ನೊಂದು ವರ್ಷದಿಂದ ನಾನು ಆ ಕೋಣೆಯವರಿಗೆ ಕಂಪ್ರೆಸರ್ ಅಣ್ಣ. ಕೊನೆಯ ಸಾಲಿನಲ್ಲಿ ಜನಾರ್ದನ ಸುವರ್ಣ ಎಂದು ಬರೆದೆ. ಬಾಬಣ್ಣ ಅದನ್ನು ಎರಡು ಸಲ ಬಾಯಿಬಿಟ್ಟು ಓದಿ, ನಿಮಗೆ ಹೊಂದುವುದಿಲ್ಲ ಎಂದರು. ಹಿಟ್ಟಿನ ಕೈಯಲ್ಲೇ ಪೆನ್ನು ತೆಗೆದುಕೊಂಡು ಅದರ ಎದುರಿಗೆ ಕಂಪ್ರೆಸರ್ ಅಣ್ಣ ಎಂದು ಬರೆದರು. ಮೇಲಿನ ಸಾಲುಗಳಿಗೂ ಒಂದೊಂದು ಸೇರಿಸುತ್ತಾ ಹೋದರು.

"ಅದು ಯಾಕೆ ಬಾಬಣ್ಣ? ಪೊಲೀಸರಿಗೆ ಅದು ಬೇಡ" ಎಂದೆ.

"ಆ ಹೆಸರು ಹುಡುಕ್ಲಿಕ್ಕೆ ಆಯ್ತು" ಎಂದರು, ಬರೆಯುವುದನ್ನು ನಿಲ್ಲಿಸದೆ. "ಸಿಕ್ಕಿದ ಮೇಲೆ ಕರೀಲಿಕ್ಕೆ ಇದು ಬೇಕಲ್ಲ?"