ಕ್ರೀಕಿನಲ್ಲಿ ಒಂದು ಗಂಟೆ

ಮದುವೆಯಾಗಿ ಆಗಸ್ಟ್‌ನಲ್ಲಿ ದುಬೈಗೆ ಬಂದಿಳಿದ ನಾನು, ಅಕ್ಟೋಬರ್ ಮುಗಿಯುವಷ್ಟರಲ್ಲಿ ವಾಪಸ್ ಹೋಗುತ್ತೇನೆಂದು ಹಟ ಹಿಡಿದು ಕೂತಿದ್ದೆ. ತೊಂಬತ್ತರ ದಶಕದ ಮಾತು. ನೈಫ್ ಎಂಬ ಬಡಾವಣೆಯಲ್ಲಿ ಒಂದೇ ಕೋಣೆಯ ಮನೆ, ಕಿಟಕಿ ತೆರೆದರೆ ಎದುರು ಕಟ್ಟಡದ ಎ.ಸಿ.ಗಳ ಬಿಸಿಗಾಳಿ. ಮೈಸೂರಿನವರಾದ ನನ್ನ ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಅಷ್ಟು ಹೊತ್ತು ನಾನೇನು ಗೋಡೆ ನೋಡಿಕೊಂಡಿರಬೇಕೆ?

"ನನ್ನಿಂದ ಆಗುದಿಲ್ಲ ಮಾರಾಯ್ರೆ. ಒಂದು ಹೊಳೆ ಇಲ್ಲ, ತೋಡು ಇಲ್ಲ. ನಾನು ಉಡುಪಿಗೆ ಹೋಗ್ತೇನೆ" ಎಂದು ದಿನಾ ಅವರ ತಲೆ ತಿಂದೆ. ಕೊನೆಗೊಂದು ದಿನ ಅವರು ಟಿಕೆಟ್ ತಂದು ಕೈಗಿಟ್ಟರು. ಮುಂದಿನ ಬುಧವಾರದ ವಿಮಾನ.

ಅದಕ್ಕೂ ಮೊದಲಿನ ಶುಕ್ರವಾರ, ಅಲ್ಲಿ ವಾರದ ರಜೆ. ನವೆಂಬರ್ ಹಿಡಿದಿತ್ತು, ಬಿಸಿಲಿನ ಖಾರ ಇಳಿದು ಒಳ್ಳೆಯ ಗಾಳಿ ಬೀಸುತ್ತಿತ್ತು. ಊಟವಾದ ಮೇಲೆ ಅವರು, "ಬಾರೇ, ಕ್ರೀಕಲ್ಲಿ ದೋಣಿ ಹತ್ತೋಣ" ಎಂದರು. ಕ್ರೀಕೆಂದರೆ ಊರ ನಡುವೆ ಒಳನುಗ್ಗಿದ ಸಮುದ್ರದ ಕವಲು. ಈ ದಡದ ದೇರಾದಿಂದ ಆ ದಡದ ಬರ್ ದುಬೈಗೆ ಜನರನ್ನು ದಾಟಿಸುವ ಮರದ ಅಬ್ರಾ ದೋಣಿಯನ್ನು ಒಂದು ಗಂಟೆಗೆ ಪೂರ್ತಿ ನಮಗೇ ಗೊತ್ತು ಮಾಡಿದ್ದರು. ಓಹೋ, ಬೆಣ್ಣೆ ಹಚ್ಚಲು ಹೊರಟಿದ್ದಾರೆ ಅಂದುಕೊಂಡೆ. ಇರು ಎಂದು ಗೋಗರೆದರೆ ಏನು ಹೇಳಬೇಕೆಂದು ಉತ್ತರಗಳನ್ನೆಲ್ಲ ರೆಡಿ ಮಾಡಿಕೊಂಡೇ ಹತ್ತಿದೆ.

ಆದರೆ ಹತ್ತಿದ ಮೇಲೆ ನನಗೆ ಎಲ್ಲ ಮರೆತೇಹೋಯಿತು. ದೋಣಿ ಆರಾಮವಾಗಿ ಸಾಗುತ್ತಿತ್ತು. ದಡದುದ್ದಕ್ಕೂ ಕಟ್ಟಿ ನಿಲ್ಲಿಸಿದ ಸರಕಿನ ಹಡಗುಗಳ ಮೇಲೆ ಫ್ರಿಜ್ಜು, ಟೈರು, ಈರುಳ್ಳಿ ಮೂಟೆ. ಒಬ್ಬ ನಾವಿಕ ಹಗ್ಗಕ್ಕೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದ. ನಾನು ಬಗ್ಗಿ ನೀರಿಗೆ ಕೈಯಿಟ್ಟೆ. ಅಯ್ಯೋ, ಎಷ್ಟು ತಂಪು! ತೋರಿಸೋಣವೆಂದು ತಿರುಗಿದರೆ ನಮ್ಮವರು ಎರಡೂ ಕೈಯಲ್ಲಿ ದೋಣಿಯ ಚಪ್ಪರದ ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾರೆ.

"ಎಂತಾಯ್ತು?"

"ಏನಿಲ್ಲ ಕಣೇ. ನಂಗೆ ಈಜು ಬರಲ್ಲ. ನಮ್ಮ ಮೈಸೂರಿನ ಕಾರಂಜಿ ಕೆರೆ ದೋಣೀನೂ ಹತ್ತಿದೋನಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ದೋಣಿ ನಡೆಸುತ್ತಿದ್ದ ಪಠಾಣನಿಗೂ ನಗು. "ಮತ್ತೆ ಎಂತಕ್ಕೆ ಬಂದದ್ದು ನೀವು?" ಎಂದು ಇವರನ್ನು ಕೇಳಿದೆ.

"ನೀರಿಲ್ಲ ನೀರಿಲ್ಲ ಅಂತಿದ್ಯಲ್ಲ. ಹೋಗೋಕ್ ಮುಂಚೆ ಒಂದಿನನಾದ್ರೂ ಖುಷಿಯಾಗಿರ್ಲಿ ಅಂತ. ಇಲ್ದಿದ್ರೆ ದುಬೈ ಅಂದ್ರೆ ಬರೀ ಸೆಕೆ ಅಂದ್ಕೊಂಡ್ ಹೋಗ್ತೀಯ."

ನನ್ನ ನಗು ಅಲ್ಲಿಗೇ ನಿಂತಿತು. ಅಂದರೆ ಈ ಮನುಷ್ಯ ನನ್ನನ್ನು ಉಳಿಸಿಕೊಳ್ಳಲು ಬಂದದ್ದಲ್ಲ, ಚೆನ್ನಾಗಿ ಕಳಿಸಿಕೊಡಲು ಬಂದದ್ದು. ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಹಾಗಾದ್ರೆ ಇದು ಸೆಂಡಾಫಾ? ಇರು ಅಂತ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ?"

"ಹೇಳಿದ್ರೆ ಇರ್ತೀಯಾ?"

"ಹೇಳಿ ನೋಡಿ!"

ಆ ಹೊತ್ತಿಗೇ ದೊಡ್ಡ ಬೋಟೊಂದು ಹಾದುಹೋಗಿ ನಮ್ಮ ಅಬ್ರಾ ಹೊಯ್ದಾಡಿತು. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ, "ಇರೇ, ಹೋಗ್ಬೇಡ" ಎಂದರು.

"ಆಯ್ತು" ಎಂದೆ. ಅಳು ಬಂದುಬಿಟ್ಟಿತು. ನಾನು ಇಷ್ಟು ಸುಲಭವೆಂದು ನನಗೇ ಗೊತ್ತಿರಲಿಲ್ಲ.

ಗಂಟೆ ಮುಗಿದು ದೋಣಿ ದಡ ಮುಟ್ಟಿತು. "ಖಲಾಸ್" ಎಂದು ಪಠಾಣ ಹಗ್ಗ ಕಟ್ಟಲು ಎದ್ದ. ನಾನೂ ಎದ್ದೆ. ನಮ್ಮವರು ಮಾತ್ರ ಏಳಲಿಲ್ಲ. ಬೆವರು ಒರೆಸಿಕೊಂಡು, "ಭಾಯ್, ಇನ್ನೊಂದು ಗಂಟೆ" ಎಂದರು.